ಟೇಪಿನ ಹಿಂದಿನ ಸಾಲು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಔಷಧಿ ಅಂಗಡಿ. ಅದರ ಮೇಲಿನ ಮಹಡಿಯಲ್ಲಿ ಮೂರು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಗೋಡೆ ತುಂಬ ನೇತುಹಾಕಿದ ಸಮವಸ್ತ್ರಗಳು. ಅವುಗಳ ನಡುವೆ ಮೂವತ್ತೈದು ವರ್ಷದಿಂದ ಹೊಲಿಯುತ್ತ ಕೂತಿರುವ ಒಬ್ಬ ಹೆಂಗಸು. ಕಾವಲುಗಾರರು, ನರ್ಸುಗಳು, ಬಸ್ಸಿನವರು, ಅಂಚೆಯವರು, ಎಲ್ಲರ ಅಂಗಿಯೂ ಅವಳ ಕೈಯಿಂದಲೇ ಹೊರಟದ್ದು. ಕಂಕುಳು, ತೊಡೆಸಂದು ಎಲ್ಲೇ ಆಗಲಿ, ಮೈ ಬಗ್ಗಿದರೆ ಎಳೆತ ಬೀಳುವ ಕಡೆ ಒಂದೇ ಹೊಲಿಗೆ ಹಾಕಿ ಅವಳಿಗೆ ಗೊತ್ತಿಲ್ಲ. ಹಾಗಾಗಿ ಬೀದಿಯವರು ಅವಳಿಗಿಟ್ಟ ಹೆಸರು 'ಡಬಲ್ ಹೊಲಿಗೆ'. ಮನೆಯಲ್ಲಿ ಮಾತ್ರ ಅವಳು ಚಿಕ್ಕಮ್ಮ. ಹಾಗೆ ಕರೆಯುವ ಬಾಯಿ ಒಂದೇ ಒಂದು, ಅಕ್ಕನ ಮಗಳದು.

ಅಂಗಡಿ ಶುರುಮಾಡಿದ್ದು ಅಕ್ಕ. ತಂಗಿಗೆ ಕತ್ತರಿ ಹಿಡಿಯಲು ಕಲಿಸಿದವಳೂ ಅವಳೇ, ತಪ್ಪು ಕತ್ತರಿಸಿದಾಗ ಕೈಮೇಲೆ ಮರದ ಪಟ್ಟಿಯಲ್ಲಿ ಬಾರಿಸಿದವಳೂ ಅವಳೇ. 'ಗೆರೆ ಎಳೆಯೋಕೆ ಪಟ್ಟಿ, ಅಂಕಿಗೆ ಟೇಪು' ಎನ್ನುವುದು ಅವಳ ಪಾಠ. ಪಟ್ಟಿಯ ಮೇಲಿನ ಅಂಕಿಗಳು ಸವೆದು ಹೋಗಿ ಯಾವ ಕಾಲವಾಯಿತೋ. ಟೇಪು ಮಾತ್ರ, ಹಳದಿ ಬಟ್ಟೆಯ ಟೇಪು, ಅಕ್ಕನ ಕೊರಳಲ್ಲಿ ಹಗಲೆಲ್ಲ ನೇತಾಡುತ್ತಿತ್ತು. ಹದಿನೈದು ವರ್ಷದ ಹಿಂದೆ ಅಕ್ಕ ಸೊರಗತೊಡಗಿದಾಗ ಮೊದಲು ಸುಳಿವು ಕೊಟ್ಟದ್ದೂ ಅದೇ ಟೇಪು. ಅಕ್ಕನ ಅಂಗಿಗಳನ್ನು ತಂಗಿ ತಿಂಗಳಿಗೊಮ್ಮೆ ಬಿಚ್ಚಿ ಬಿಗಿ ಮಾಡುತ್ತಿದ್ದಳು. ಅರ್ಧ ಇಂಚು, ಮತ್ತೆ ಅರ್ಧ ಇಂಚು. ಪರೀಕ್ಷೆ ಮಾಡಿಸಿದಾಗ ಕರುಳಿನ ಕ್ಯಾನ್ಸರ್ ಎಂದರು. ಆಗ ಅಕ್ಕನಿಗೆ ನಲವತ್ತೊಂಬತ್ತು. ಐವತ್ತು ತುಂಬಿದ ಮೇಲೆ ಅವಳು ಹೆಚ್ಚು ದಿನ ಉಳಿಯಲಿಲ್ಲ.

ಚಿಕ್ಕಮ್ಮನಿಗೆ ಉಳಿದದ್ದು ಎರಡು, ಒಂದು ಟೇಪು, ಇನ್ನೊಂದು ಇಪ್ಪತ್ನಾಲ್ಕು ವರ್ಷದ ಹುಡುಗಿ. ಅಕ್ಕ ಹೋದ ದಾರಿಯಲ್ಲಿ ಈ ಹುಡುಗಿ ಹೋಗಬಾರದು ಎನ್ನುವುದೊಂದೇ ಅಂದಿನಿಂದ ಅವಳ ತಲೆಯಲ್ಲಿ ಕೂತುಬಿಟ್ಟಿತು. ಅಕ್ಕನಿಗೆ ಚಿಕಿತ್ಸೆ ಕೊಟ್ಟ ಡಾಕ್ಟರಮ್ಮನನ್ನು ಹೋಗಿ ಕಂಡಳು. ಆಕೆ ಒಂದು ಅಚ್ಚು ಹಾಕಿದ ಹಾಳೆ ಕೊಟ್ಟರು. ಅದರಲ್ಲಿ ಒಂಬತ್ತು ಸಾಲು. ಮೈತೂಕ ಏರಲು ಬಿಡಬೇಡಿ, ದಿನವೂ ಮೈ ಬಳಸಿ, ಕಾಳು ತರಕಾರಿ ಹಣ್ಣು ಇಡಿಧಾನ್ಯ ಹೆಚ್ಚು ತಿನ್ನಿ, ಇಂಥವೇ ಮಾತುಗಳು. ಕೊನೆಯ ಸಾಲಿನ ಕೆಳಗೆ ಡಾಕ್ಟರಮ್ಮ ಪೆನ್ನಿನಲ್ಲಿ ಗೆರೆಯನ್ನೂ ಎಳೆದಿದ್ದರು. ಇಷ್ಟೆಲ್ಲ ಮಾಡಿದರೂ ಕಾಯಿಲೆ ಬರುವುದೇ ಇಲ್ಲ ಎಂದು ಬರೆದುಕೊಡಲು ನನಗಾಗುವುದಿಲ್ಲ, ಬರುವ ಸಾಧ್ಯತೆ ಕಮ್ಮಿಯಾಗುತ್ತದೆ ಅಷ್ಟೇ, ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿದರು. ಚಿಕ್ಕಮ್ಮನಿಗೆ ಆ ಮಾತು ಹಿಡಿಸಿತು. ಎರಡು ಹೊಲಿಗೆ ಹಾಕಿದ್ದೂ ಹರಿಯಬಹುದು ಎಂದು ತಾನೂ ಗಿರಾಕಿಗಳಿಗೆ ಹೇಳುವುದಿಲ್ಲವೇ?

ಹಾಳೆಯನ್ನು ತಂದು ಯಂತ್ರದ ಎದುರಿನ ಗೋಡೆಗೆ ಅಂಟಿಸಿದಳು. ಅದರ ಕೆಳಭಾಗದಲ್ಲಿ ಒಂದು ಮೊಳೆ ಹೊಡೆದು ಅಕ್ಕನ ಟೇಪನ್ನು ಅದಕ್ಕೆ ತೂಗುಹಾಕಿದಳು.

ಹಾಳೆ ಅಂಟಿಸುವವರು ಊರು ತುಂಬ ಸಿಗುತ್ತಾರೆ, ಅದನ್ನು ಮಾರನೆಯ ದಿನವೂ ಓದುವವರನ್ನು ಹುಡುಕಬೇಕು. ಚಿಕ್ಕಮ್ಮ ಹದಿನೈದು ವರ್ಷ ಓದಿದಳು. ಟೈಲರ್ ಕೆಲಸವೆಂದರೆ ಕೂತಲ್ಲೇ ಬೇರು ಬಿಡುವ ಕೆಲಸ. ಅದಕ್ಕೇ ಅವಳು ಅಂಗಡಿಯನ್ನೇ ಅದಲುಬದಲು ಮಾಡಿದಳು. ಕತ್ತರಿ ಒಂದು ಮೂಲೆಗೆ, ದಾರದ ಉಂಡೆಗಳು ಇನ್ನೊಂದು ಮೂಲೆಗೆ, ಇಸ್ತ್ರಿ ಮೇಜು ಬಾಗಿಲ ಆಚೆಗೆ. ಬಣ್ಣ ಬದಲಿಸಬೇಕೆಂದರೆ ಏಳಬೇಕು. ಮೊದಲೆಲ್ಲ ಕೆಳಗಿನಿಂದ ಬಟ್ಟೆ ಎಳೆದುಕೊಳ್ಳಲು ಕಿಟಕಿಗೆ ಹಗ್ಗ ಕಟ್ಟಿದ ಬುಟ್ಟಿಯೊಂದಿತ್ತು. ಅದನ್ನು ಬಿಚ್ಚಿ ಬಿಸಾಕಿ ಹದಿನೆಂಟು ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿ ಇಳಿದಳು. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ನಿಲ್ದಾಣಕ್ಕೆ ಎರಡು ಸುತ್ತು. ಎರಡು ಗಂಟೆಗೊಮ್ಮೆ ಸಿಹಿ ಚಹಾ ಬರುತ್ತಿದ್ದ ಜಾಗಕ್ಕೆ ನೀರಿನ ತಂಬಿಗೆ ಬಂತು. ಡಬ್ಬಿಯಲ್ಲಿ ಬೇಯಿಸಿದ ಕಾಳು, ಹಸಿ ತರಕಾರಿ. ಮಾಂಸ ವಾರಕ್ಕೊಮ್ಮೆ, ಅದೂ ಒಂದು ಹಿಡಿ, ಉಪ್ಪು ಹಾಕಿ ಡಬ್ಬಿಗೆ ತುಂಬಿದ ಮಾಂಸವಂತೂ ಹೊಸ್ತಿಲು ದಾಟುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಗುಟುಕರಿಸುತ್ತಿದ್ದ ಒಂದು ಲೋಟ ಮದ್ಯಕ್ಕೂ ಕೈ ಅಡ್ಡ ಹಿಡಿದಳು. ಇದನ್ನೆಲ್ಲ ಅವಳು ತ್ಯಾಗ ಮಾಡಿದವಳ ಮುಖ ಮಾಡಿಕೊಂಡು ಮಾಡಲಿಲ್ಲ. ಅಳತೆ ಬಂದಿದೆ, ಅಳತೆಯಂತೆ ಕತ್ತರಿಸಬೇಕು, ಇಷ್ಟೇ ಅವಳ ಲೆಕ್ಕ.

ಅಳತೆ ಪುಸ್ತಕದಲ್ಲಿ ಪ್ರತಿ ಗಿರಾಕಿಗೂ ಒಂದು ಪುಟವಿತ್ತು, ಈಗ ತನಗೂ ಒಂದು ಪುಟ ಮಾಡಿಕೊಂಡಳು. ಡಾಕ್ಟರಮ್ಮ ಸೊಂಟಕ್ಕೆ ಮೂವತ್ತೆರಡು ಇಂಚಿನ ಗಡಿ ಹಾಕಿದ್ದರು. ಚಿಕ್ಕಮ್ಮ ಪ್ರತಿ ತಿಂಗಳ ಮೊದಲ ದಿನ ಅಕ್ಕನ ಟೇಪನ್ನು ಮೊಳೆಯಿಂದ ತೆಗೆದು ಸೊಂಟಕ್ಕೆ ಸುತ್ತಿ ಬರೆಯುತ್ತಿದ್ದಳು, ಮೂವತ್ತೊಂದೂವರೆ. ಮುಂದಿನ ತಿಂಗಳೂ ಮೂವತ್ತೊಂದೂವರೆ. ವರ್ಷಗಟ್ಟಲೆ ಅದೇ ಅಂಕಿ ಬರೆಯುವುದರಲ್ಲಿ ಅವಳಿಗೊಂದು ಗುಟ್ಟಾದ ಜಂಬವಿತ್ತು. ಗಿರಾಕಿಗಳ ಸೊಂಟದ ಮೇಲೂ ಅವಳ ಕಣ್ಣು ಬಿದ್ದಿತು. ಬ್ಯಾಂಕಿನ ಕಾವಲುಗಾರ ಅಳತೆ ಕೊಡುವಾಗ ಉಸಿರು ಎಳೆದು ಹೊಟ್ಟೆಯನ್ನು ಬೆನ್ನಿಗಂಟಿಸಿ ನಿಲ್ಲುತ್ತಿದ್ದ. ಉಸಿರು ಬಿಡುವ ತನಕ ಅವಳು ಟೇಪು ಹಿಡಿದು ಹಾಗೇ ಕಾಯುತ್ತಿದ್ದಳು. ಒಂದು ನಿಮಿಷದಲ್ಲಿ ಅವನು ಸೋಲುತ್ತಿದ್ದ. ಗಂಡಸರ ಗಡಿಯ ಒಳಗೇ ಇದ್ದೀಯ, ಆದರೆ ಅಂಚಿನಲ್ಲಿದ್ದೀಯ, ಎಂದು ಅವನಿಗೆ ಎಚ್ಚರಿಕೆ ಕೊಟ್ಟು ಕಳಿಸುತ್ತಿದ್ದಳು. ಬೀದಿಯವರು ನಗುತ್ತಿದ್ದರು, ಡಬಲ್ ಹೊಲಿಗೆಯ ಹತ್ತಿರ ಅಂಗಿಗೆ ಹೋದರೆ ಉಪದೇಶ ಕೊಸರು ಎಂದು. ಆದರೂ ಬೆಳಗಿನ ಎರಡು ಸುತ್ತಿಗೆ ಒಬ್ಬೊಬ್ಬರಾಗಿ ಐದಾರು ಜನ ಸೇರಿಕೊಂಡರು.

ಸೇರದವಳು ಒಬ್ಬಳೇ, ಅಕ್ಕನ ಮಗಳು. ಅವಳಿಗೀಗ ಮೂವತ್ತೊಂಬತ್ತು. ಚಿಕ್ಕಮ್ಮನ ಬಾಯಲ್ಲಿ ಇನ್ನೂ 'ಹುಡುಗಿ'. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಎಂಟು ಗಂಟೆ ಕುರ್ಚಿಗೆ ಅಂಟಿಕೊಂಡು ಕೂರುವ ಕೆಲಸ. ಎಡಗೈ ಹತ್ತಿರ ಬಣ್ಣದ ಸಿಹಿ ಪಾನೀಯದ ಬಾಟಲಿ, ಮೇಜಿನ ಖಾನೆಯಲ್ಲಿ ಕರಿದ ತಿಂಡಿಯ ಪೊಟ್ಟಣ, ಊಟದ ಬಿಡುವಿನಲ್ಲಿ ಎರಡೋ ಮೂರೋ ಸಿಗರೇಟು. ಸಿಗರೇಟಿನ ವಿಷಯ ಚಿಕ್ಕಮ್ಮನಿಗೆ ಗೊತ್ತಿಲ್ಲವೆಂದು ಅವಳ ನಂಬಿಕೆ. ಬಟ್ಟೆಯ ವಾಸನೆ ಹಿಡಿಯದ ಟೈಲರ್ ಎಲ್ಲಾದರೂ ಇರುತ್ತಾಳೆಯೇ? ತಾಯಿ ಸತ್ತ ಮೇಲೆ ಹುಡುಗಿ ಒಂದು ದಿನವೂ ಅಳತೆಗೆ ನಿಂತವಳಲ್ಲ. ಟೇಪು ಕಂಡರೆ ಅವಳಿಗೆ ಅರ್ಧರ್ಧ ಇಂಚು ಕರಗಿಹೋದ ತಾಯಿಯೇ ನೆನಪಾಗುತ್ತಿದ್ದಳು. ಅವಳ ಅಂಗಿಗಳನ್ನು ಚಿಕ್ಕಮ್ಮ ಕಣ್ಣಳತೆಯಲ್ಲೇ ಹೊಲಿಯುತ್ತ ಬಂದಳು, ವರ್ಷ ವರ್ಷವೂ ಬಾಯಿ ಬಿಡದೆ ಅರ್ಧ ಇಂಚು ಸಡಿಲಿಸುತ್ತ.

ಹೀಗಿರುವಾಗ ದೊಡ್ಡ ಆಸ್ಪತ್ರೆಯಿಂದ ಮೂವತ್ತು ನರ್ಸುಗಳ ಮೇಲಂಗಿಯ ಕೆಲಸ ಬಂತು. ನರ್ಸುಗಳನ್ನು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿಸಲು ಬಿಡುವಿಲ್ಲವೆಂದು ಹಿರಿಯ ನರ್ಸೇ ಅಳತೆ ತೆಗೆದು ಪಟ್ಟಿ ಮಾಡಿ ಕಳಿಸಿದ್ದರು. ಬೇರೆಯವರು ತೆಗೆದ ಅಳತೆಗೆ ಚಿಕ್ಕಮ್ಮ ಕತ್ತರಿ ಹಾಕಿದ್ದು ಅದೇ ಮೊದಲು. ಹತ್ತು ದಿನ ಬಗ್ಗಿದ ತಲೆ ಎತ್ತದೆ ಹೊಲಿದು ಮಡಿಸಿ ಕಳಿಸಿದಳು. ಮೂರನೆಯ ದಿನ ಹಿರಿಯ ನರ್ಸ್ ಗಂಟನ್ನು ಹೊತ್ತುಕೊಂಡು ವಾಪಸು ಬಂದರು. ಮೂವತ್ತಕ್ಕೆ ಮೂವತ್ತೂ ದೊಗಲೆ. ಒಂದೊಂದೂ ಇಂಚಿನ ಮೇಲೆ ದೊಡ್ಡದು.

ಚಿಕ್ಕಮ್ಮ ಒಪ್ಪಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹಟ ಅವಳಲ್ಲೂ ಸ್ವಲ್ಪ ಇತ್ತು. ನಿಮ್ಮ ಪಟ್ಟಿಯೇ ತಪ್ಪು ಎಂದಳು, ಮೂವತ್ತೈದು ವರ್ಷದಲ್ಲಿ ತನ್ನ ಅಂಗಿ ಒಂದೂ ದೊಗಲೆಯಾಗಿಲ್ಲ ಎಂದಳು. ಹಿರಿಯ ನರ್ಸ್ ವಾದಕ್ಕಿಳಿಯದೆ ಚೀಲದಿಂದ ಉಕ್ಕಿನ ಅಡಿಪಟ್ಟಿ ತೆಗೆದು ಮೇಜಿನ ಮೇಲಿಟ್ಟು ಅಕ್ಕನ ಟೇಪನ್ನು ಅದರ ಪಕ್ಕಕ್ಕೆ ಹಾಸಿದರು. ಉಕ್ಕಿನ ಪಟ್ಟಿಯಲ್ಲಿ ಹನ್ನೆರಡು ಇಂಚು ಮುಗಿದಾಗ ಟೇಪಿನಲ್ಲಿ ಹನ್ನೆರಡಕ್ಕೆ ಇನ್ನೂ ಒಂದಿಷ್ಟು ಬಾಕಿಯಿತ್ತು. ಮೂರು ಅಡಿ ತಲುಪುವಷ್ಟರಲ್ಲಿ ಒಂದು ಇಂಚಿಗೂ ಮೀರಿದ ಅಂತರ. ಬಟ್ಟೆಯ ಟೇಪು ಎಳೆದೂ ಎಳೆದೂ ಹಿಗ್ಗಿಹೋಗಿತ್ತು. ಅದೇ ಟೇಪಿನಲ್ಲಿ ಮೈ ಅಳೆದು, ಅದೇ ಟೇಪಿನಲ್ಲಿ ಬಟ್ಟೆ ಅಳೆದರೆ ತಪ್ಪಿಗೆ ತಪ್ಪು ವಜಾ, ಅಂಗಿ ಸರಿಯಾಗೇ ಕೂರುತ್ತದೆ. ಆದ್ದರಿಂದಲೇ ಅದು ಇಷ್ಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ.

ಹಿರಿಯ ನರ್ಸ್ ಬಿಟ್ಟುಹೋದ ಹೊಸ ಟೇಪನ್ನು ಚಿಕ್ಕಮ್ಮ ಮೊದಲು ಸುತ್ತಿಕೊಂಡದ್ದು ತನ್ನ ಸೊಂಟಕ್ಕೆ. ಮೂವತ್ತೆರಡೂವರೆ. ಮತ್ತೆ ಸುತ್ತಿದಳು, ಅಷ್ಟೇ. ಗಡಿಯ ಒಳಗಿದ್ದೇನೆ ಎಂದು ವರ್ಷಗಟ್ಟಲೆ ಜಂಬಪಟ್ಟವಳು ಗಡಿಯ ಆಚೆ ನಿಂತಿದ್ದಳು. ಕೂತು ಸ್ವಲ್ಪ ಹೊತ್ತು ಅತ್ತಳು. ಅರ್ಧ ಇಂಚಿಗಲ್ಲ ಆ ಅಳು. ಅಕ್ಕ ಬಿಟ್ಟುಹೋದ ಒಂದೇ ಒಂದು ವಸ್ತು ತನಗೆ ಸುಳ್ಳು ಹೇಳಿತಲ್ಲ ಎಂದು.

ಆಮೇಲೆ ಅವಳು ಮಾಡಿದ ಕೆಲಸಕ್ಕೆ ಎದೆ ಬೇಕು. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜನವೇ ತುಂಬಿರುವ ಬೀದಿ ಅದು. ಹೊಸ ಟೇಪು ತಂದು ಸುಮ್ಮನಿದ್ದಿದ್ದರೆ ಯಾವ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಅವಳು ಅಳತೆ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದು ಅಂಗಡಿ ಅಂಗಡಿ ಹೊಕ್ಕಳು. ನಾನು ಹೇಳಿದ ಅಳತೆ ತಪ್ಪು, ನಿಲ್ಲಿ, ಇನ್ನೊಮ್ಮೆ ತೆಗೆಯುತ್ತೇನೆ ಎಂದಳು. ಬ್ಯಾಂಕಿನ ಬಾಗಿಲಲ್ಲಿ, ನಾಲ್ಕು ಜನ ನೋಡುತ್ತಿರುವಾಗಲೇ, ಕಾವಲುಗಾರನ ಹೊಟ್ಟೆಗೆ ಟೇಪು ಸುತ್ತಿ ನೀನು ಗಡಿ ದಾಟಿ ವರ್ಷಗಳಾಗಿವೆ, ತಪ್ಪು ನನ್ನದು ಎಂದು ಒಪ್ಪಿಕೊಂಡಳು. ಅವನು ಆ ಸಲ ಉಸಿರು ಎಳೆದುಕೊಳ್ಳಲಿಲ್ಲ. ಮಾರನೆಯ ಬೆಳಿಗ್ಗೆ ನಡಿಗೆಗೆ ಬಂದ.

ಭಾನುವಾರ ಮೇಲಂಗಿಗಳ ಹೊಲಿಗೆ ಬಿಚ್ಚಲು ಹುಡುಗಿ ಬಂದಳು. ಕರೆಯದೆಯೇ ಬಂದಿದ್ದಳು. ಎಷ್ಟು ಸಿಡುಕಿದರೂ ಚಿಕ್ಕಮ್ಮ ಕಷ್ಟದಲ್ಲಿದ್ದರೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಇಬ್ಬರೂ ಕಿಟಕಿಯ ಬೆಳಕಿಗೆ ಕೂತು ಬ್ಲೇಡಿನಲ್ಲಿ ಎಳೆ ಎಳೆಯಾಗಿ ಬಿಚ್ಚಿದರು. ಒಂಟಿ ಹೊಲಿಗೆಯಾಗಿದ್ದರೆ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಎರಡೆರಡು ಸಾಲು ಬಿಚ್ಚಿ ಬಿಚ್ಚಿ ಹುಡುಗಿಯ ಹೆಬ್ಬೆರಳು ಕೆಂಪಾಯಿತು. ಹತ್ತನೆಯ ಅಂಗಿಯ ಹೊತ್ತಿಗೆ ಅವಳ ಬಾಯಿಯ ಹೊಲಿಗೆಯೂ ಬಿಚ್ಚಿಕೊಂಡಿತು.

"ಹದಿನೈದು ವರ್ಷ ಚಹಾ ಬಿಟ್ಟೆ, ಸಿಹಿ ಬಿಟ್ಟೆ, ಮೆಟ್ಟಿಲು ಹತ್ತಿದೆ. ಕೊನೆಗೆ ನೋಡಿದ್ರೆ ಟೇಪೇ ಸುಳ್ಳು. ಏನು ಸಿಕ್ತು ಚಿಕ್ಕಮ್ಮ ನಿಂಗೆ?"

"ಟೇಪು ಸುಳ್ಳು. ಮೆಟ್ಟಿಲು ಸುಳ್ಳಲ್ವಲ್ಲ" ಎಂದಳು ಚಿಕ್ಕಮ್ಮ. "ಅಷ್ಟೂ ಮಾಡದೆ ಇದ್ದಿದ್ರೆ ಈ ಹೊತ್ತು ಮೂವತ್ತೆಂಟು ಆಗಿರ್ತಿತ್ತು."

ಹುಡುಗಿ ಬ್ಲೇಡನ್ನು ಕೆಳಗಿಟ್ಟಳು.

"ಅಮ್ಮ ಸಿಗರೇಟು ಸೇದಿದ್ಲಾ? ಕುಡಿದಿದ್ಲಾ? ದಪ್ಪ ಇದ್ಲಾ? ಏನು ತಪ್ಪು ಮಾಡಿದ್ಲು ಹೇಳು. ಆದ್ರೂ ಹೋದ್ಲಲ್ಲ. ನೀನು ಈ ಹಾಳೆ ನೋಡಿ ನೋಡಿ ಬದುಕಿದಾಗೆಲ್ಲ ಅಮ್ಮನೇ ಏನೋ ತಪ್ಪು ಮಾಡಿದ್ಲು ಅಂತ ಹೇಳಿದ ಹಾಗೆ ಆಗುತ್ತೆ ನಂಗೆ."

ಚಿಕ್ಕಮ್ಮ ಬೆಚ್ಚಿದಳು. ಹುಡುಗಿ ಸೋಮಾರಿತನದಿಂದ ನಡಿಗೆಗೆ ಬರುತ್ತಿಲ್ಲ, ನಾಲಿಗೆ ಚಪಲಕ್ಕೆ ತಿನ್ನುತ್ತಿದ್ದಾಳೆ ಎಂದುಕೊಂಡಿದ್ದಳು. ತಾಯಿಯ ಮಾನ ಕಾಯಲು ಒಬ್ಬಳು ಹೀಗೆ ಹಟ ಹಿಡಿಯಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಕೈಯಲ್ಲಿದ್ದ ಅಂಗಿಯ ಕಂಕುಳನ್ನು ತಿರುಗಿಸಿ ತೋರಿಸಿದಳು.

"ಇಲ್ಲಿ ಎರಡು ಹೊಲಿಗೆ ಯಾಕೆ ಹಾಕ್ತೀನಿ? ಹರಿಯೋದೇ ಇಲ್ಲ ಅಂತಾನಾ? ಎರಡು ಹಾಕಿದ್ದೂ ಹರಿದು ಬಂದಿದೆ, ಒಂದೇ ಹಾಕಿದ್ದೂ ಹತ್ತು ವರ್ಷ ಬಾಳಿದೆ. ಹರಿದು ಬಂತು ಅಂತ ಹಾಕ್ಕೊಂಡೋರನ್ನ ಬೈತೀನಾ? ನಿಮ್ಮಮ್ಮ ಏನೂ ತಪ್ಪು ಮಾಡ್ಲಿಲ್ಲ ಕಣೆ. ಅವಳ ಹೊಲಿಗೆ ಹರೀತು, ಅಷ್ಟೇ. ಅದಕ್ಕೆ ನಿಂಗೆ ಒಂಟಿ ಹೊಲಿಗೆ ಸಾಕು ಅಂತ ನಾನು ಹೆಂಗೆ ಬಿಡ್ಲಿ?"

ಹುಡುಗಿ ಕಣ್ಣೊರೆಸಿಕೊಳ್ಳಲು ಗೋಡೆಯ ಕಡೆ ತಿರುಗಿದಳು. ಅಲ್ಲಿ ಮೊಳೆ ಖಾಲಿಯಿತ್ತು. ಟೇಪು ಮರೆಮಾಡಿದ್ದ ಜಾಗದಲ್ಲಿ ಹಾಳೆ ಹಳದಿಯಾಗದೆ ಬಿಳಿಯಾಗೇ ಉಳಿದಿತ್ತು. ಅದರಲ್ಲಿ ಒಂಬತ್ತನೆಯ ಸಾಲು, ಕೆಳಗೆ ಪೆನ್ನಿನ ಗೆರೆ. ಅವಳು ಅದನ್ನು ಗಟ್ಟಿಯಾಗಿ ಓದಿದಳು. ಒಡಹುಟ್ಟಿದವರಿಗೋ ಹೆತ್ತವರಿಗೋ ಕರುಳಿನ ಕ್ಯಾನ್ಸರ್ ಬಂದಿದ್ದರೆ, ಉಳಿದ ನಿಯಮ ಪಾಲಿಸಿದರಷ್ಟೇ ಸಾಲದು, ಡಾಕ್ಟರು ಹೇಳಿದ ವಯಸ್ಸಿಗೆ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ ಮಾಡಿಸಿಕೊಳ್ಳಬೇಕು.

"ನೀನು ಮಾಡಿಸ್ಕೊಂಡಿದ್ದೀಯಾ?"

ಊರಿಗೆಲ್ಲ ಅಳತೆ ಹೇಳಿದವಳು ಈ ಪ್ರಶ್ನೆಗೆ ನೆಲ ನೋಡಿದಳು.

"ಇಲ್ಲ" ಎಂದಳು. "ಆ ಮೊಳೆ ನಾನೇ ಹೊಡೆದಿದ್ದು. ಬೇಕು ಅಂತಲೇ ಅಲ್ಲಿ ಹೊಡೆದೆ. ನಿಮ್ಮಮ್ಮನ್ನ ಆ ಕೋಣೆಯೊಳಗೆ ಕಳಿಸಿ ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ ನೋಡು, ಆ ಬಾಗಿಲು ಇನ್ನೊಂದ್ಸಲ ನೋಡೋಕೆ ನಂಗೆ ಧೈರ್ಯ ಬರ್ಲಿಲ್ಲ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಹದಿನೈದು ವರ್ಷ. ಎಂಟು ಸಾಲನ್ನು ಅಷ್ಟು ಶ್ರದ್ಧೆಯಿಂದ ಪಾಲಿಸಿದ್ದು ಒಂಬತ್ತನೆಯದನ್ನು ಮರೆಯುವುದಕ್ಕೇ ಏನೋ ಎಂದು ಅವಳಿಗೇ ಈಗ ಅನುಮಾನ ಬಂತು. ಹುಡುಗಿ ಬೈಯಬಹುದಿತ್ತು, ನಗಬಹುದಿತ್ತು. ಎರಡನ್ನೂ ಮಾಡದೆ ಹನ್ನೊಂದನೆಯ ಅಂಗಿ ಎತ್ತಿಕೊಂಡು ಬಿಚ್ಚತೊಡಗಿದಳು.

ಮೂವತ್ತು ಮೇಲಂಗಿಗಳನ್ನು ಬಿಗಿ ಮಾಡಿ ಒಪ್ಪಿಸಿದ ಮಾರನೆಯ ದಿನವೇ ಚಿಕ್ಕಮ್ಮ ಆಸ್ಪತ್ರೆಗೆ ಹೋಗಿ ದಿನ ಗೊತ್ತುಮಾಡಿಕೊಂಡು ಬಂದಳು. ಹುಡುಗಿಗೆ ಹೇಳುವ ಮನಸ್ಸು ಅವಳಿಗಿರಲಿಲ್ಲ, ಆದರೆ ಜೊತೆಗೆ ಒಬ್ಬರು ಇರಲೇಬೇಕೆಂದು ಅಲ್ಲಿ ಕಟ್ಟುನಿಟ್ಟು. ಹಿಂದಿನ ದಿನ ಹೊಟ್ಟೆ ಖಾಲಿ ಮಾಡುವ ಔಷಧಿ ಕುಡಿದು, ಇಸ್ತ್ರಿ ಮೇಜಿಗಿಂತ ಹೆಚ್ಚು ಸಲ ಬಚ್ಚಲಿಗೆ ಓಡಾಡಿ, ಇದು ಹಾಳೆಯ 'ದಿನವೂ ಮೈ ಬಳಸಿ' ಎನ್ನುವ ಸಾಲಿಗೂ ಸಲ್ಲುತ್ತದೆ ಎಂದು ಹುಡುಗಿಯನ್ನು ನಗಿಸಿದಳು. ಬೆಳಿಗ್ಗೆ ಅದೇ ಬಾಗಿಲ ಮುಂದೆ ಬಂದು ನಿಂತಳು. ಒಳಗೆ ಹೋಗುವ ಮುನ್ನ ತನ್ನ ಚೀಲವನ್ನು ಹುಡುಗಿಯ ಮಡಿಲಿಗೆ ಹಾಕಿದಳು. ಬೆಂಚು ಅದೇ. ಈ ಸಲ ಕೂತವಳು ಬೇರೆ.

ಒಳಗೆ ಸಿಕ್ಕಿದ್ದು ಎರಡು ಗಂಟು. ಒಂದು ಅಂಗಿ ಗುಂಡಿಯಷ್ಟು, ಇನ್ನೊಂದು ಅದಕ್ಕೂ ಸಣ್ಣದು. ಅಲ್ಲೇ ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟಿದ್ದರೆ ಮುಂದೊಂದು ದಿನ ಆಗಬಹುದಾಗಿದ್ದ ಜಾತಿಯವು ಎಂದು ವಾರದ ಮೇಲೆ ಗೊತ್ತಾಯಿತು. ಡಾಕ್ಟರಮ್ಮನಿಗೆ ಈಗ ತಲೆ ಪೂರ್ತಿ ನೆರೆತಿತ್ತು. ಹಾಗಾದರೆ ಇಷ್ಟು ವರ್ಷ ಮಾಡಿದ್ದೆಲ್ಲ ದಂಡವೇ ಎಂದು ಚಿಕ್ಕಮ್ಮ ಅವರನ್ನು ಕೇಳಿಯೇಬಿಟ್ಟಳು.

"ದಂಡ ಯಾಕಾಗುತ್ತೆ? ನೀವು ನಡೆದಿದ್ದು, ತಿಂದಿದ್ದು, ಬಿಟ್ಟಿದ್ದು ಎಲ್ಲ ನಿಮ್ಮ ಪರವಾಗೇ ಕೆಲಸ ಮಾಡಿರುತ್ತೆ. ಎಷ್ಟು ಅಂತ ಒಬ್ಬರ ಮೈಯಲ್ಲಿ ಅಳೆದು ತೋರಿಸೋ ಟೇಪು ನನ್ನ ಹತ್ರ ಇಲ್ಲ. ಆದ್ರೆ ನಡಿಗೆ ಒಳಗೆ ಇಣುಕಿ ನೋಡಲ್ಲ. ಅದಕ್ಕೇ ಆ ಕೊನೇ ಸಾಲು."

ಹುಡುಗಿ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಳು. ದಾರಿಯಲ್ಲಿ ಚಿಕ್ಕಮ್ಮ ಅವಳನ್ನು ಕೆದಕಲಿಲ್ಲ. ಹೇಳಬೇಕಾದದ್ದೆಲ್ಲ ಹೇಳಿಯಾಗಿತ್ತು. ಇನ್ನು ಒಂದು ಮಾತು ಹೆಚ್ಚಾದರೂ ಎಳೆ ಕಿತ್ತುಬರುತ್ತದೆ ಎಂದು ಕೈ ಪಳಗಿದವಳಿಗೆ ಗೊತ್ತಿತ್ತು. ಅವಳು ಬೆಳಗಿನ ಎರಡು ಸುತ್ತಿಗೆ ಇನ್ನೊಂದು ಸುತ್ತು ಸೇರಿಸಿದಳು. ಆ ಅರ್ಧ ಇಂಚನ್ನು ಮೂರೂವರೆ ತಿಂಗಳಲ್ಲಿ ಇಳಿಸಿದಳು. ಅಕ್ಕನ ಟೇಪನ್ನು ಎಸೆಯಲು ಮನಸ್ಸು ಬರದೆ ಸುರುಳಿ ಸುತ್ತಿ ಗುಂಡಿಗಳ ಡಬ್ಬಿಯಲ್ಲಿಟ್ಟಳು. ಮೊಳೆಯನ್ನು ಕಿತ್ತು ಕಿಟಕಿಯ ಪಕ್ಕ ಹೊಡೆದು ಹೊಸ ಟೇಪನ್ನು ಅಲ್ಲಿ ನೇತುಹಾಕಿದಳು.

ಒಂದು ಬೆಳಿಗ್ಗೆ, ಅಂಗಡಿ ಗುಡಿಸುತ್ತಿದ್ದಾಗ, ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಹುಡುಗಿ ಏದುಸಿರು ಬಿಡುತ್ತ ಬಂದಳು. ಕೆಲಸಕ್ಕೆ ಹೊರಟ ವೇಷ. ಅಂಗಿಯಲ್ಲಿ ಸಿಗರೇಟಿನ ವಾಸನೆ ಇರಲಿಲ್ಲ. ಅದನ್ನು ಚಿಕ್ಕಮ್ಮನ ಮೂಗು ಮೊದಲು ಗುರುತಿಸಿತು, ಆಮೇಲೆ ಕಣ್ಣು ಮುಖ ನೋಡಿತು. ಹುಡುಗಿ ಚೀಲವನ್ನು ಕುರ್ಚಿಯ ಮೇಲಿಟ್ಟು ಕಿಟಕಿಯ ಬೆಳಕಿಗೆ ಬಂದು ನಿಂತು ಎರಡೂ ಕೈಗಳನ್ನು ಪಕ್ಕಕ್ಕೆ ಎತ್ತಿದಳು.

"ಅಳತೆ ತಗೋ. ಸುಳ್ಳು ಬರೀಬೇಡ."

ಚಿಕ್ಕಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ ಟೇಪು ತಂದಳು. ಹದಿನೈದು ವರ್ಷದಿಂದ ಕಣ್ಣಲ್ಲೇ ಅಳೆದ ಮೈಯನ್ನು ಈಗ ಕೈಯಿಂದ ಮುಟ್ಟಿದಳು. ಸೊಂಟ ಅಕ್ಕನದೇ. ಟೇಪಿನ ಎರಡು ತುದಿ ಕೂಡಿಸಿ ಅಂಕಿ ನೋಡಲು ಬಗ್ಗಿದರೆ ಅಂಕಿಗಳೆಲ್ಲ ನೀರಿನೊಳಗೆ ಅಲುಗಾಡಿದವು. ಮತ್ತೆ ಸುತ್ತಿದಳು. ಒಬ್ಬರ ಸೊಂಟವನ್ನು ಎರಡು ಸಲ ಅಳೆಯುವವರು ಕಸುಬು ಕಲಿಯದವರು ಎಂದು ಜಂಬ ಕೊಚ್ಚುತ್ತಿದ್ದ ಡಬಲ್ ಹೊಲಿಗೆ ಆ ಬೆಳಿಗ್ಗೆ ಮೂರು ಸಲ ಅಳೆದಳು. ಹುಡುಗಿ ಕೈ ಇಳಿಸದೆ ತಾಳ್ಮೆಯಿಂದ ನಿಂತಿದ್ದಳು.

"ಆಸ್ಪತ್ರೇಲಿ ಗುರುವಾರ ಒಂಬತ್ತು ಗಂಟೆಗೆ ಬರೋಕೆ ಹೇಳಿದ್ದಾರೆ" ಎಂದಳು ಅವಳು, ಕಿಟಕಿಯ ಆಚೆ ನೋಡುತ್ತ. "ಬೆಂಚಿನ ಮೇಲೆ ನೀನು ಕೂತಿರ್ತೀಯ ತಾನೆ?"

ಚಿಕ್ಕಮ್ಮ ಅಳತೆ ಪುಸ್ತಕ ತೆರೆದು ಹೊಸ ಪುಟ ಹುಡುಕಿದಳು. ಹೂಂ ಎಂದು ತಲೆಯಾಡಿಸಿ, ಪುಟದ ಮೇಲ್ಗಡೆ ಅಕ್ಕನ ಮಗಳು ಎಂದು ಬರೆದು, ಅದನ್ನು ಹೊಡೆದುಹಾಕಿ, ಮಗಳು ಎಂದು ಬರೆದಳು.